ಹತ್ತನೇ ತರಗತಿಯ ರಿಸಲ್ಟು, ಮೂರನೇ ತರಗತಿಯ ಓದು

ಜನವರಿ ಬಂತೆಂದರೆ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. ಈ ಸಲ ಎಷ್ಟು ಪರ್ಸೆಂಟ್ ಆಗಬಹುದು? ಗೋಡೆ ಮೇಲೆ ಒಂದು ಪಟ್ಟಿ ಬೀಳುತ್ತದೆ. ಪಾಸಾಗೋದು ಡೌಟು ಅನ್ನೋ ಮಕ್ಕಳ ಹೆಸರು ಕೆಂಪು ಪೆನ್ನಿನಲ್ಲಿ. ಒಬ್ಬೊಬ್ಬ ಶಿಕ್ಷಕರಿಗೂ ಇಷ್ಟಿಷ್ಟು ಮಕ್ಕಳು ದತ್ತು. ಬೆಳಗಿನ ಜಾವ ಫೋನ್ ಮಾಡಿ ಅವರನ್ನು ಎಬ್ಬಿಸಬೇಕು, ಎದ್ದು ದೀಪ ಹಾಕಿದ್ದಾರಾ ಅಂತ ತಂದೆತಾಯಿಯನ್ನು ಕೇಳಬೇಕು. ಸಂಜೆ ವಿಶೇಷ ತರಗತಿ, ರಾತ್ರಿ ಗುಂಪು ಓದು, ನಡುವೆ ಪೂರ್ವಸಿದ್ಧತಾ ಪರೀಕ್ಷೆ. ಬಿಇಒ, ಅಂದರೆ ತಾಲೂಕಿನ ಶಿಕ್ಷಣಾಧಿಕಾರಿ, ಆಫೀಸಿನಿಂದ ವಾಟ್ಸಾಪಿನಲ್ಲಿ ಫಾರ್ಮ್ಯಾಟ್ ಬರುತ್ತದೆ, ಹನ್ನೆರಡು ಗಂಟೆಯೊಳಗೆ ತುಂಬಿ ಕಳಿಸಬೇಕು. ನಾನು ಲಿಂಗಸುಗೂರು ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ಆದರೆ ಇದು ನಮ್ಮೊಂದೇ ಶಾಲೆಯ ಕಥೆ ಅಂತ ತಿಳಿಯಬೇಡಿ. ಸಿಂಧನೂರು, ಕುಷ್ಟಗಿ, ಸಿರುಗುಪ್ಪ, ಎಲ್ಲಿ ಹೋದರೂ ಚಳಿಗಾಲದ ಸ್ಟಾಫ್ ರೂಮು ಹೆಚ್ಚು ಕಡಿಮೆ ಹೀಗೇ ಇರುತ್ತದೆ.

ದುಡಿಯೋದರಲ್ಲಿ ಯಾರದೂ ತಕರಾರಿಲ್ಲ. ಎಷ್ಟೋ ಶಿಕ್ಷಕರು ತಮ್ಮ ಮನೆಯ ಮಕ್ಕಳಿಗಿಂತ ಜಾಸ್ತಿ ಈ ದತ್ತು ಮಕ್ಕಳ ಹಿಂದೆ ಓಡಾಡುತ್ತಾರೆ. ನನ್ನ ತಲೆ ತಿನ್ನುತ್ತಿರೋದು ಬೇರೆ ವಿಷಯ. ಆ ಕೆಂಪು ಪಟ್ಟಿಯಲ್ಲಿರುವ ಮಕ್ಕಳಲ್ಲಿ ಬಹಳಷ್ಟು ಜನ ಎಂಟನೇ ತರಗತಿಗೆ ಕಾಲಿಟ್ಟ ದಿನವೇ ಆ ಪಟ್ಟಿಯಲ್ಲಿದ್ದರು. ಹೆಸರು ಬರೆದಿರಲಿಲ್ಲ, ಅಷ್ಟೇ.

ಮುತ್ತಿನಂಥ ಅಕ್ಷರ

ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನ ನೋಟ್‌ಬುಕ್ಕನ್ನು ಯಾರಿಗೆ ತೋರಿಸಿದರೂ ಭೇಷ್ ಅನ್ನುತ್ತಾರೆ. ಎಡಕ್ಕೆ ಕೆಂಪು ಗೆರೆ, ಬಲಕ್ಕೆ ದಿನಾಂಕ, ಪಾಠದ ಹೆಸರಿನ ಕೆಳಗೆ ಎರಡು ಗೀಟು. ಮುತ್ತಿನಂಥ ಅಕ್ಷರ. ಒಂದು ಒತ್ತಕ್ಷರವೂ ತಪ್ಪಿಲ್ಲ, ಅರ್ಕಾವತ್ತೂ ಸರಿಯಾದ ಜಾಗದಲ್ಲೇ ಇದೆ. ಒಂದು ದಿನ ಆ ನೋಟ್‌ಬುಕ್ಕನ್ನೇ ಅವನ ಕೈಗೆ ಕೊಟ್ಟು, ನೀನೇ ಬರೆದದ್ದನ್ನು ಓದಪ್ಪ ಅಂದೆ. ಸಾಲಿನ ಕೆಳಗೆ ಬೆರಳಿಟ್ಟ. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಪಕ್ಕದವನ ಮುಖ ನೋಡಿದ. ಆಮೇಲೆ ಯಾವ ಸಂಕೋಚವೂ ಇಲ್ಲದೆ, 'ಬರಿಯಾಕ ಬರತೈತ್ರಿ ಸರ, ಓದಾಕ ಬರಲ್ರಿ' ಅಂದ.

ನಿಧಾನಕ್ಕೆ ಕೂರಿಸಿಕೊಂಡು ನೋಡಿದೆ. ರ, ಗ, ಸ, ದ ಬರುತ್ತದೆ. ನಲಿಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಆಡುತ್ತಾ ಕಲಿಯುವ ಪದ್ಧತಿಯಲ್ಲಿ, ಮೊದಲು ಕಲಿಸುವ ಅಕ್ಷರಗಳವು. 'ಸರ', 'ಗರಗಸ' ಓದಿದ. ಕಾಗುಣಿತಕ್ಕೆ ಬಂದಾಗ ಕಿ ಮತ್ತು ಕೀ ಒಂದೇ ಆದವು, ಕೆ ಮತ್ತು ಕೈ ಕಲಸಿಹೋದವು. ಒತ್ತಕ್ಷರ ಕಂಡ ಕೂಡಲೇ ನಿಂತುಬಿಡುತ್ತಾನೆ. ಆದರೆ ಕಾಗದದ ಮೇಲೆ 'ಲಿಂಗಸುಗೂರು' ಅಂತ ಬರೆದು ತೋರಿಸಿದರೆ ಥಟ್ಟನೆ ಹೇಳಿದ. 'ಮುದಗಲ್', 'ಮಸ್ಕಿ' ಕೂಡ ಹೇಳಿದ. ಖುಷಿಯಾಗಿ ಅದೇ ಹೆಸರನ್ನು ಒಡೆದು 'ಲಿಂಗ' ಅಂತ ಮಾತ್ರ ಬರೆದೆ. ಸುಮ್ಮನಾದ. ಬಸ್ಸಿನ ಬೋರ್ಡನ್ನು ಅವನು ಇಡಿಯಾಗಿ, ಚಿತ್ರ ಗುರುತು ಹಿಡಿಯುವ ಹಾಗೆ ಗುರುತು ಹಿಡಿಯುತ್ತಾನೆ. ಅಕ್ಷರ ಕೂಡಿಸಿ ಓದಿದ್ದಲ್ಲ.

ಹುಡುಗ ದಡ್ಡನೂ ಅಲ್ಲ. ಹತ್ತಿ ಬಿಡಿಸಲು ಹೋದಾಗ ಯಾರು ಎಷ್ಟು ಕೆಜಿ ಬಿಡಿಸಿದರು, ರೇಟಿನ ಪ್ರಕಾರ ಯಾರಿಗೆ ಎಷ್ಟು ಬರಬೇಕು, ಟಂಟಂ ಬಾಡಿಗೆ ಎಷ್ಟು ಕಳೆಯಬೇಕು, ಎಲ್ಲ ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಇಂಥವನು ಏಳು ವರ್ಷ ಶಾಲೆಯಲ್ಲಿ ಕೂತು ಹೇಗೆ ಓದಲು ಕಲಿಯದೆ ಬಂದ ಅನ್ನೋದಕ್ಕಿಂತ, ಅಷ್ಟು ವರ್ಷ ಇದು ಯಾರ ಕಣ್ಣಿಗೂ ಹೇಗೆ ಬೀಳಲಿಲ್ಲ ಅನ್ನೋದೇ ನನಗೆ ದೊಡ್ಡ ಪ್ರಶ್ನೆಯಾಯಿತು. ಉತ್ತರ ಆ ನೋಟ್‌ಬುಕ್ಕಿನಲ್ಲೇ ಇತ್ತು. ನಮ್ಮ ಕಡೆ ಪಾಠ ಅಂದರೆ ಅರ್ಧಕ್ಕರ್ಧ ಇಳಿಸಿಕೊಳ್ಳೋದು. ಶಿಕ್ಷಕರು ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಯುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ತರಗತಿ ನಿಶ್ಶಬ್ದ, ನೋಟ್‌ಬುಕ್ ಭರ್ತಿ, ತಪಾಸಣೆಗೆ ಬಂದವರಿಗೂ ಸಮಾಧಾನ. ಹಾಳೆ ತುಂಬಿದ ನೋಟ್‌ಬುಕ್ ಮುಂದಿದ್ದರೆ, ಓದು ಅಂತ ಕೇಳುವ ಗೋಜಿಗೆ ಯಾರು ಹೋಗುತ್ತಾರೆ ಹೇಳಿ.

ಆ ಮಕ್ಕಳ ಮೂರನೇ ತರಗತಿ

2025ರ ಜೂನ್‌ನಲ್ಲಿ ಎಂಟಕ್ಕೆ ಬಂದ ಮಕ್ಕಳ ಲೆಕ್ಕವನ್ನು ಒಮ್ಮೆ ಹಿಂದಕ್ಕೆ ಹಾಕಿ ನೋಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿದಾಗ ಅವರು ಎರಡನೇ ತರಗತಿ. 2020-21, ಅಂದರೆ ಅವರ ಮೂರನೇ ತರಗತಿ, ಪೂರ್ತಿ ಹೋಯಿತು. ವಿದ್ಯಾಗಮ ಅಂತ ಶಿಕ್ಷಕರೇ ಊರೊಳಗೆ ಬಂದು ಮಾಡುವ ಪಾಠ ಗುಡಿ ಕಟ್ಟೆ ಮೇಲೆ, ಬೇವಿನ ಮರದ ಕೆಳಗೆ ಕೆಲವು ವಾರ ನಡೆಯಿತು, ನಿಂತಿತು. ಒಂದರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ನಾಲ್ಕನೇ ತರಗತಿಯೂ ಅರ್ಧಕ್ಕೆ ಬಂದಿತ್ತು.

ಯಾವ ವರ್ಷ ಹೋದರೂ ನಷ್ಟವೇ. ಆದರೆ ಮೂರನೆಯದು ಹೋದದ್ದು ಬಹಳ ದುಬಾರಿ ಬಿತ್ತು. ನಲಿಕಲಿ ಇರುವುದು ಮೂರರವರೆಗೆ. ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತಾ ಮಗು ತನ್ನ ವೇಗದಲ್ಲಿ ಹೋಗುತ್ತದೆ. ತಟ್ಟೆಗಳಲ್ಲಿ ಕೂರುತ್ತದೆ, ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಗೆಳೆಯರ ಬೆಂಬಲ. ಎಲ್ಲ ಕಡೆ ಇದು ಕಾಗದದಲ್ಲಿದ್ದ ಹಾಗೆ ನಡೆಯಿತು ಅಂತ ನಾನು ಹೇಳಲಾರೆ. ಆದರೂ ಒಂದು ಮಗು ಹಿಂದೆ ಬಿದ್ದರೆ ಅದು ಕಾಣುವುದಕ್ಕೆ ಅಲ್ಲಿ ಜಾಗವಿತ್ತು. ನಾಲ್ಕಕ್ಕೆ ಬಂದರೆ ಏಣಿ ಹೋಗುತ್ತದೆ, ಪಠ್ಯಪುಸ್ತಕ ಬರುತ್ತದೆ. ಪುಸ್ತಕ ಬಂತು ಅಂದರೆ ಪೋರ್ಷನ್ ಬಂತು. ಓದಲು ಕಲಿಯುವ ವರ್ಷವನ್ನು ಮನೆಯಲ್ಲಿ ಕಳೆದ ಮಗು, ಓದಿ ಕಲಿಯಬೇಕಾದ ವರ್ಷಕ್ಕೆ ನೇರವಾಗಿ ಬಂದು ಕೂತಿತು. ಆಮೇಲೆ ತಪ್ಪಿಹೋದ ಕಲಿಕೆ ತುಂಬಿಸಲು ಕಲಿಕಾ ಚೇತರಿಕೆ ಅನ್ನೋ ಕಾರ್ಯಕ್ರಮ ಬಂತು, ಅಭ್ಯಾಸದ ಹಾಳೆಗಳು ಬಂದವು. ಆ ಹಾಳೆಗಳನ್ನೂ ನಮ್ಮ ಹುಡುಗ ಚೆನ್ನಾಗಿ ತುಂಬಿದ್ದಾನಂತೆ. ಅಕ್ಷರ ಮುದ್ದಾಗಿದೆಯಲ್ಲ.

ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟುವುದೂ ಸರಿಯಲ್ಲ. ಅದಕ್ಕಿಂತ ಮೊದಲೂ ಹೀಗೇ ಮಕ್ಕಳು ಬರುತ್ತಿದ್ದರು, ಆಮೇಲೂ ಬರುತ್ತಾರೆ. ದೀಪಾವಳಿ ಮುಗಿದ ಮೇಲೆ ಕೂಲಿ ಹುಡುಕಿಕೊಂಡು ಗುಳೆ ಹೋಗುವ ಮನೆಗಳಿವೆ. ಬೆಂಗಳೂರು, ಪುಣೆ, ಗೋವಾ. ಅಪ್ಪ ಅವ್ವ ಹೋದರೆ ಚಿಕ್ಕವರು ಜೊತೆಗೆ ಹೋಗುತ್ತಾರೆ, ಇಲ್ಲ ಅಜ್ಜಿ ಹತ್ತಿರ ಉಳಿಯುತ್ತಾರೆ. ಉಳಿದವರಿಗೆ ಹತ್ತಿ ಇದೆ, ಆಮೇಲೆ ಮೆಣಸಿನಕಾಯಿ ಇದೆ. ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಒಂದನೇ ತರಗತಿಗೆ ಬಂದ ದಿನ ಕನ್ನಡವೇ ಅದಕ್ಕೆ ಹೊಸದು. ಇವೆಲ್ಲ ನಮಗೆ ಗೊತ್ತಿರುವ ಕಾರಣಗಳೇ. ಗೊತ್ತಿದ್ದೂ ಗೊತ್ತಿದ್ದೂ ಕೊನೆಗೆ ಇವೇ ನೆಪವಾಗುತ್ತವೆ. 'ಇವರ ಹಣೇಬರಾನೇ ಇಷ್ಟು ಬಿಡ್ರಿ' ಅಂತ ಒಬ್ಬರು ಅಂದರೆ ಸಾಕು, ಸ್ಟಾಫ್ ರೂಮಿನ ಅರ್ಧ ತಲೆ ಅಲ್ಲಾಡುತ್ತದೆ.

ಕ್ಯಾಮೆರಾ ಬಂದ ಮೇಲೆ

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ವೆಬ್‌ಕಾಸ್ಟಿಂಗ್. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು (ಗ್ರೇಸ್ ಮಾರ್ಕ್ಸ್) ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಮುಂದಿನ ವರ್ಷ ಆ ಕೃಪಾಂಕವನ್ನೂ ತೆಗೆದರು. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ 62.34. ದಕ್ಷಿಣ ಕನ್ನಡ 91.12, ಕಡೆಯಲ್ಲಿದ್ದ ಕಲಬುರಗಿ 42.43. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಹುಡುಕಬೇಕಾದರೆ ಪಟ್ಟಿಯನ್ನು ಕೆಳಗಿನಿಂದ ಓದಿದರೆ ಬೇಗ ಸಿಗುತ್ತವೆ.

ಕ್ಯಾಮೆರಾ ಬಂದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಕಿಟಕಿಯಿಂದ ಚೀಟಿ ಬರುವ ಕೇಂದ್ರದಲ್ಲಿ ನಿಜವಾಗಿ ಓದಿದ ಹುಡುಗಿಗೆ ಆಗುವ ಅನ್ಯಾಯವನ್ನು ಕಂಡವರು ಇದನ್ನು ವಿರೋಧಿಸಲಾರರು. ಆದರೆ ಕ್ಯಾಮೆರಾ ತೋರಿಸಿಕೊಟ್ಟಿದ್ದನ್ನು ನಾವು ಹೇಗೆ ತಗೊಂಡೆವು ನೋಡಿ. ಫಲಿತಾಂಶ ಬಿತ್ತು, ಹಾಗಾಗಿ ಹತ್ತನೇ ತರಗತಿಗೆ ಇನ್ನಷ್ಟು ಒತ್ತು ಕೊಡಿ. ಇನ್ನಷ್ಟು ವಿಶೇಷ ತರಗತಿ, ಇನ್ನಷ್ಟು ಸರಣಿ ಪರೀಕ್ಷೆ, ಇನ್ನೂ ತೆಳ್ಳಗಿನ ಪಾಸಿಂಗ್ ಪ್ಯಾಕೇಜ್. ಒಂದು ವರ್ಷಕ್ಕೆ ಮೂರು ಪರೀಕ್ಷೆ 2024ರಲ್ಲೇ ಬಂದಿದ್ದವು, ಈಗ ಪಾಸಿನ ಗೆರೆಯೂ ಶೇ 35ರಿಂದ 33ಕ್ಕೆ ಬಂದಿದೆ. 5, 8, 9ನೇ ತರಗತಿಗೂ ಬೋರ್ಡ್ ಪರೀಕ್ಷೆ ಮಾಡಲು ಹೋಗಿ 2024ರಲ್ಲಿ ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ ನಿಂತದ್ದು ನಿಮಗೆ ನೆನಪಿರಬಹುದು. ಪರೀಕ್ಷೆಯ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವರು ಓದಿನ ಬಗ್ಗೆ ಒಂದು ಸುತ್ತೋಲೆ ಕಡಿಮೆ ಕಳಿಸಿದ್ದಾರೆ ಅಂತಲೂ ಅಲ್ಲ. ಚಿಕ್ಕ ತರಗತಿಯ ಮಕ್ಕಳಿಗೆ ಓದು ಕಲಿಸುವ ಕಾರ್ಯಕ್ರಮಗಳಾದ ಓದು ಕರ್ನಾಟಕ ಇದೆ, ನಿಪುಣ್ ಭಾರತ್ ಇದೆ. ಅವು ಸೋತರೆ ಯಾರಿಗೂ ನೋಟಿಸ್ ಬರುವುದಿಲ್ಲ. ಹತ್ತನೇ ತರಗತಿ ಸೋತರೆ ಬರುತ್ತದೆ. ಶಾಲೆಯ ಸಮಯ ನೋಟಿಸ್ ಇರುವ ಕಡೆಗೇ ಹರಿಯುತ್ತದೆ.

ಪಾಸಿಂಗ್ ಪ್ಯಾಕೇಜ್ ಬಗ್ಗೆ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಗಣಿತದಲ್ಲಿ ಥೇಲ್ಸ್ ಪ್ರಮೇಯ ಮತ್ತು ಒಂದು ನಕ್ಷೆ ಲೆಕ್ಕ. ವಿಜ್ಞಾನದಲ್ಲಿ ಕಣ್ಣಿನ ಚಿತ್ರ, ನರಕೋಶದ ಚಿತ್ರ. ಸಮಾಜದಲ್ಲಿ ಭಾರತದ ನಕ್ಷೆ. ನನ್ನ ಕನ್ನಡದಲ್ಲಿ ಪದ್ಯ ಪೂರ್ಣ ಮಾಡುವುದು, ಕವಿ ಪರಿಚಯ, ಗಾದೆ ವಿಸ್ತರಣೆ, ಪತ್ರ. ಇಷ್ಟನ್ನು ಉರು ಹೊಡೆಸಿದರೆ ದಡ ಮುಟ್ಟಬಹುದು ಅನ್ನೋ ಲೆಕ್ಕ. ಅದರಿಂದ ಪಾಸಾಗಿ ಐಟಿಐಗೆ ಹೋದ ಮಕ್ಕಳಿದ್ದಾರೆ, ಆದ್ದರಿಂದ ನಾನು ಅದನ್ನು ಹೀಗಳೆಯಲಾರೆ. ಆದರೆ ಓದಲು ಬಾರದ ಹುಡುಗನಿಗೆ ಅದು ಮತ್ತೊಂದು ಬಸ್ ಬೋರ್ಡ್. ಪ್ರಶ್ನೆಯ ಆಕಾರ ಗುರುತು ಹಿಡಿದು ಉತ್ತರದ ಆಕಾರ ಬರೆಯುತ್ತಾನೆ. ಪ್ರಶ್ನೆಯನ್ನು ಒಂದು ಶಬ್ದ ಆಚೀಚೆ ಮಾಡಿ ಕೇಳಿದರೆ ಮುಗಿಯಿತು.

ವರಾಂಡದಲ್ಲಿ ಒಂದು ಕುರ್ಚಿ

ನಮ್ಮ ಹೈಸ್ಕೂಲಿಗೆ ಸುತ್ತಲಿನ ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬರುತ್ತಾರೆ. ಅವುಗಳಲ್ಲಿ ಒಂದು ಊರಿನ ಮಕ್ಕಳು ಮಾತ್ರ ಬೇರೆ ಥರ. ಜಾಣರು ಅಂತಲ್ಲ. ಪುಸ್ತಕ ಕೊಟ್ಟರೆ ತಡವರಿಸಿಯಾದರೂ ಓದುತ್ತಾರೆ. ಒಂದು ಮಧ್ಯಾಹ್ನ ಬಿಡುವಿದ್ದಾಗ ಆ ಶಾಲೆಗೆ ಹೋದೆ. ಮುಖ್ಯಗುರುಗಳು ಹೆಣ್ಣುಮಗಳು, ಊರಿಗೆಲ್ಲ ಅಕ್ಕೋರು. ನಾನು ಹೋದಾಗ ಬಿಸಿಯೂಟ ಮುಗಿದು ಮಕ್ಕಳು ತಾಟು ತೊಳೆಯುತ್ತಿದ್ದರು. ಅಕ್ಕೋರು ಆಫೀಸಿನಲ್ಲಿರಲಿಲ್ಲ. ಮೂರನೇ ತರಗತಿಯ ಮುಂದಿನ ವರಾಂಡದಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆ ಮೇಲೆ ಉದ್ದನೆಯ ನೋಟ್‌ಬುಕ್, ಕೈಯಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾವೇ ಬರೆದ ನಾಲ್ಕು ಕಾರ್ಡು. ಒಂದರಲ್ಲಿ ಬಿಡಿ ಅಕ್ಷರ, ಒಂದರಲ್ಲಿ ಪದ, ಒಂದರಲ್ಲಿ ನಾಲ್ಕು ವಾಕ್ಯ, ಇನ್ನೊಂದರಲ್ಲಿ ಚಿಕ್ಕ ಕಥೆ. ತಾಟು ತೊಳೆದು ಬಂದ ಮಗು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವರ ಮುಂದೆ ನಿಲ್ಲುತ್ತದೆ, ಒಂದು ಕಾರ್ಡು ಓದುತ್ತದೆ, ಓಡುತ್ತದೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಆ ಹೊತ್ತಿಗೆ ಸಿಕ್ಕಷ್ಟು ಮಕ್ಕಳು, ಉಳಿದವರು ನಾಳೆ. ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಅ, ಪ, ವಾ, ಕ ಅಂತ ಒಂದೊಂದು ಗುರುತು. ಪಕ್ಕದಲ್ಲಿ ಸಣ್ಣ ಟಿಪ್ಪಣಿ. 'ಒತ್ತು ಬಿಡತಾಳ.' 'ಗುಳೆ ಹೋಗಿ ಬಂದಾನ, ಮತ್ತ ಅ ಇಂದ.' 'ಕನ್ನಡಕ ಬೇಕು, ಅವರಪ್ಪಗ ಹೇಳಬೇಕು.'

ಊಟ ಆದ ಮೇಲೇ ಯಾಕೆ ಅಂತ ಕೇಳಿದೆ. 'ಹೊಟ್ಟಿ ತುಂಬಿದ ಮ್ಯಾಲ ಹುಡುಗ್ರು ಹೆದರೂದಿಲ್ರಿ ಸರ. ಮತ್ತ ನಂಗೂ ಅದೊಂದ ಟೈಮ್ ಸಿಗತೈತಿ' ಅಂದರು. ಎರಡನೇ ಮಾತು ಮುಖ್ಯ. ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯಗುರುಗಳ ದಿನ ಹೇಗೆ ಹೋಗುತ್ತದೆ ಅಂತ ನೋಡಿದವರಿಗೆ ಗೊತ್ತು. ಎಸ್‌ಎಟಿಎಸ್ ಅನ್ನೋ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಹಾಜರಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಶೂ ಸಾಕ್ಸು, ಆಧಾರ್, ಅಪಾರ್ ಐಡಿ (ವಿದ್ಯಾರ್ಥಿಗಳ ಗುರುತಿನ ಸಂಖ್ಯೆ), ಸ್ಕಾಲರ್‌ಶಿಪ್, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಮೊಟ್ಟೆಗೆ ಆಗ ಆರು ರೂಪಾಯಿ ಬರುತ್ತಿತ್ತು, ಪೇಟೆಯಲ್ಲಿ ರೇಟು ಏರಿದರೆ ಮೇಲಿನದ್ದು ಅವರ ಪರ್ಸಿನಿಂದ. (ಮೊಟ್ಟೆ ಬೇಡ ಅನ್ನುತ್ತಿಲ್ಲ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟ, ಮೊದಲು ಶುರುವಾದದ್ದೇ ನಮ್ಮ ಈ ಕಡೆಯ ಏಳು ಜಿಲ್ಲೆಗಳಲ್ಲಿ. ಆ ಊಟಕ್ಕಾಗಿಯೇ ಶಾಲೆಗೆ ಬಂದು ಉಳಿದ ಮಕ್ಕಳನ್ನು ನಾನು ನೋಡಿದ್ದೇನೆ.) ಇದರ ಮೇಲೆ ಅಕ್ಕೋರಿಗೆ ಎರಡು ತರಗತಿಯ ಪಾಠವೂ ಇತ್ತು. ಧಾರವಾಡದ ಸಿಸ್ಲೆಪ್ ಅನ್ನೋ ಸರ್ಕಾರಿ ತರಬೇತಿ ಸಂಸ್ಥೆಯಲ್ಲಿ ಶಾಲಾ ನಾಯಕತ್ವದ ತರಬೇತಿಗೂ ಹೋಗಿ ಬಂದಿದ್ದರು. ಹೇಗಿತ್ತು ಅಂದೆ. 'ತರಬೇತಿ ಚಲೋ ಇತ್ರಿ. ಆದ್ರ ಬಂದ ಮರುದಿನ ಫೋನ್ ಮಾಡಿದವ್ರು ಕೇಳಿದ್ದು ಮೊಟ್ಟಿ ಲೆಕ್ಕಾನ' ಅಂತ ನಕ್ಕರು.

ಶಾಲಾ ನಾಯಕತ್ವ ಅಂದಾಗ ನನಗೆ ಈಗ ಕಣ್ಣ ಮುಂದೆ ಬರೋದು ಆ ಕಬ್ಬಿಣದ ಕುರ್ಚಿ. ಯಾವ ಮಗು ಎಲ್ಲಿ ನಿಂತಿದೆ ಅನ್ನೋದು ಶಾಲೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು, ಆ ಒಬ್ಬರಿಗೆ ಮಾರನೇ ದಿನ ಆ ಮಗುವಿನ ಶಿಕ್ಷಕರನ್ನು ಕರೆದು ಮಾತಾಡುವ ಅಧಿಕಾರ ಇರಬೇಕು. ಅಕ್ಕೋರು ಮಾಡುತ್ತಿದ್ದದ್ದು ಇಷ್ಟೇ. ಶುಕ್ರವಾರ ಸಂಜೆ ಆ ನೋಟ್‌ಬುಕ್ ಹಿಡಿದುಕೊಂಡು ಮೂರು, ನಾಲ್ಕು, ಐದರ ಶಿಕ್ಷಕರ ಜೊತೆ ಕೂರುತ್ತಿದ್ದರು. ಬೈಯುತ್ತಿರಲಿಲ್ಲ. 'ಈ ಮೂರು ಹುಡುಗ್ರು ಪದದಾಗ ಸಿಕ್ಕೊಂಡಾರ, ಏನ್ ಮಾಡೋಣ್ರಿ' ಅಂತ ಕೇಳುತ್ತಿದ್ದರು.

ಆಮೇಲೆ ಕೌನ್ಸೆಲಿಂಗ್‌ನಲ್ಲಿ ಅವರಿಗೆ ವರ್ಗ ಆಯಿತು, ತವರಿನ ಕಡೆ ಜಾಗ ಸಿಕ್ಕಿತು. ಮುಖ್ಯಗುರು ಹುದ್ದೆ ಖಾಲಿ, ಒಬ್ಬ ಸಹಶಿಕ್ಷಕರು ಪ್ರಭಾರಿ. ನೋಟ್‌ಬುಕ್ ಅಲ್ಮಾರಿನಲ್ಲಿದೆ. ಪ್ರಭಾರಿ ಸರ್ ಒಳ್ಳೆಯವರೇ, ಆದರೆ ಅವರ ಕೈಯಲ್ಲಿ ಮೂರು ತರಗತಿ, ಜೊತೆಗೆ ಆ ಎಲ್ಲ ಲೆಕ್ಕ. ಪತ್ರಿಕೆಗಳಲ್ಲಿ ಮಾದರಿ ಶಿಕ್ಷಕರ ಬಗ್ಗೆ ಬರುವ ಬರಹ ಓದುವಾಗ ನನಗೆ ಖುಷಿಗಿಂತ ಭಯವೇ ಜಾಸ್ತಿ. ಅವರಿಗೆ ವರ್ಗವಾದ ಮೇಲೆ ಏನಾಯಿತು ಅಂತ ಯಾರೂ ಬರೆಯೋದಿಲ್ಲ.

ಟಿ.ಸಿ.ಯ ಜೊತೆ ಬಾರದ ಮಾಹಿತಿ

ಏಳು ಮುಗಿಸಿದ ಮಗು ನಮ್ಮಲ್ಲಿಗೆ ಬರುವಾಗ ಟಿ.ಸಿ. ತರುತ್ತದೆ. ಹುಟ್ಟಿದ ದಿನ, ಜಾತಿ, ತಂದೆತಾಯಿ ಹೆಸರು, ನಡತೆ 'ಉತ್ತಮ'. ಅಂಕಪಟ್ಟಿಯಲ್ಲಿ ಎ, ಬಿ ಪ್ಲಸ್. ಓದಲು ಬರುತ್ತದಾ ಇಲ್ಲವಾ ಅಂತ ಮಾತ್ರ ಎಲ್ಲೂ ಇಲ್ಲ. ಕೇಳೋಣ ಅಂದರೆ ಆ ಶಾಲೆಯವರನ್ನು ನಾವು ಭೇಟಿಯಾಗುವುದೇ ಇಲ್ಲ. ಪ್ರಾಥಮಿಕ ಶಿಕ್ಷಕರದ್ದು ಸಿಆರ್‌ಪಿ (ಸುತ್ತಲಿನ ಕೆಲವು ಶಾಲೆಗಳ ಸಂಪನ್ಮೂಲ ವ್ಯಕ್ತಿ) ನಡೆಸುವ ಕ್ಲಸ್ಟರ್ ಸಮಾಲೋಚನಾ ಸಭೆ, ನಮ್ಮದು ವಿಷಯವಾರು ಬೇರೆ ಸಭೆ. ಒಂದೇ ಊರಿನ ಒಂದೇ ಟೀ ಅಂಗಡಿಯಲ್ಲಿ ಕೂತು ರಾಜಕೀಯ ಮಾತಾಡುತ್ತೇವೆ, ಮಕ್ಕಳ ವಿಷಯ ಬಂದರೆ ಅವರು ನಮ್ಮ ಕಡೆ, ನಾವು ಅವರ ಕಡೆ ಬೆರಳು ತೋರಿಸುತ್ತೇವೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಇರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಈ ಗೋಡೆ ಇರಬಾರದು. ಆದರೆ ಕ್ಯಾಂಪಸ್ ಒಂದಾದರೂ ಸ್ಟಾಫ್ ರೂಮು ಬೇರೆ ಬೇರೆ ಆಗಿರುವುದನ್ನೂ ನೋಡಿದ್ದೇನೆ.

ಹಾಗಾದರೆ ಟಿ.ಸಿ. ಜೊತೆ ಓದಿನ ಮಟ್ಟದ ಒಂದು ಚೀಟಿ ಕಳಿಸಿ ಅಂತ ನಾನು ಕೇಳತೊಡಗಿದೆ. ಅಕ್ಕೋರ ಆ ಅ, ಪ, ವಾ, ಕ ಸಾಕು. ಪ್ರಾಥಮಿಕ ಶಾಲೆಯ ಗೆಳೆಯರೊಬ್ಬರು ನೇರವಾಗಿ ಹೇಳಿದರು: 'ಬರೆದು ಕೊಟ್ಟರೆ ಅದು ನಾಳೆ ಗೂಗಲ್ ಫಾರ್ಮ್ ಆಗುತ್ತೆ ಸರ್. ನಾಡಿದ್ದು ನನಗೇ ನೋಟಿಸ್ ಬರುತ್ತೆ.' ಅವರ ಮಾತಿನಲ್ಲಿ ಸುಳ್ಳಿಲ್ಲ. ನಮ್ಮಲ್ಲಿ ನಿಜ ಬರೆದವರಿಗೆ ಕಾರಣ ಕೇಳುತ್ತಾರೆ, ಎ ಅಂತ ಬರೆದವರನ್ನು ಯಾರೂ ಕೇಳುವುದಿಲ್ಲ. ಹೀಗಾದರೆ ಎಲ್ಲರ ಅಂಕಪಟ್ಟಿಯೂ ಎ ಆಗದೆ ಇನ್ನೇನಾಗುತ್ತದೆ? ಆದ್ದರಿಂದ ಈ ಚೀಟಿ ಎಸ್‌ಎಟಿಎಸ್‌ಗೆ ಹೋಗಬಾರದು, ಬಿಇಒ ಆಫೀಸಿಗೂ ಹೋಗಬಾರದು ಅನ್ನೋದು ನನ್ನ ಹಟ. ಇಬ್ಬರು ಶಿಕ್ಷಕರ ನಡುವೆ ಇರಲಿ. ಡೇಟಾ ಇಲ್ಲದೆ ಸುಧಾರಣೆ ಹೇಗೆ ಅಂತ ಕೇಳುವವರಿದ್ದಾರೆ. ಇದ್ದ ಡೇಟಾ ಎಲ್ಲ ಎ ಅಂತಲೇ ಹೇಳುತ್ತಿದೆಯಲ್ಲ, ಅದರಿಂದ ಏನು ಸುಧಾರಿಸಿತು ಅಂತ ನಾನೂ ಕೇಳುತ್ತೇನೆ.

2025ರ ಆ ಜೂನ್‌ನಲ್ಲೇ ನಮ್ಮ ಹೆಡ್‌ಮಾಸ್ತರು ಎಂಟನೇ ತರಗತಿಗೆ ದಿನದ ಮೊದಲ ಪೀರಿಯಡ್ ಬರೀ ಓದಿಗೆ ಅಂತ ಕೊಟ್ಟರು. ಪೋರ್ಷನ್ ಯಾರು ಮುಗಿಸಬೇಕು ಅಂತ ಗಣಿತದ ಸರ್ ಅಂದೇ ತಕರಾರು ತೆಗೆದರು. ಪ್ರಶ್ನೆಯನ್ನೇ ಓದಲಾಗದವನಿಗೆ ನಿಮ್ಮ ಹೇಳಿಕೆ ಲೆಕ್ಕ ಹೇಗೆ ಬರುತ್ತೆ ಸರ್ ಅಂದೆ. 'ಅದ್ಕ ನಾ ಹೇಳಿಕೆ ಲೆಕ್ಕ ಬಿಟ್ಟು ಬರೀ ಸಮೀಕರಣ ಮಾಡಸ್ತೀನಿ' ಅಂದರು. ಆ ಪೀರಿಯಡ್‌ನಲ್ಲಿ ನಾವು ಮಾಡಿದ್ದು ದೊಡ್ಡದೇನಲ್ಲ. ಕಾಗುಣಿತದಲ್ಲಿ ಸಿಕ್ಕಿಕೊಂಡವರು ಒಂದು ಗುಂಪು, ಒತ್ತಕ್ಷರದವರು ಇನ್ನೊಂದು, ಓದುವವರು ಲೈಬ್ರರಿ ಪುಸ್ತಕ ಹಿಡಿದು ಮೂಲೆಗೆ. ಹದಿಮೂರು ವರ್ಷದ ಹುಡುಗರಿಗೆ ಒಂದನೇ ತರಗತಿಯ ಕಾರ್ಡು ಕೊಟ್ಟರೆ ಅವಮಾನ, ಕೊಡಬಾರದು. ಮೊಬೈಲ್ ರೀಚಾರ್ಜ್ ಅಂಗಡಿಯ ಬೋರ್ಡು, ಗೊಬ್ಬರದ ಚೀಲದ ಮೇಲಿನ ಬರಹ, ಕ್ರಿಕೆಟ್ ಸುದ್ದಿಯ ತುಣುಕು ಕೊಟ್ಟೆವು. ದಸರೆವರೆಗೆ ಚೆನ್ನಾಗಿ ನಡೆಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋದರು, ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಬಂದ ಮೇಲೆ ಕಳೆದ ದಿನಗಳ ಪೋರ್ಷನ್ ತುಂಬಿಸುವ ಗಡಿಬಿಡಿ. ಈಗ ಜನವರಿ. ಮೊದಲ ಪೀರಿಯಡ್‌ಗೆ ಎಂಟರ ಶಿಕ್ಷಕರೆಲ್ಲ ಹತ್ತರ ವಿಶೇಷ ತರಗತಿಗೆ ಹೋಗುತ್ತಿದ್ದೇವೆ, ನಾನೂ ಸೇರಿ.

ಬರುವ ತಿಂಗಳ ಕ್ಲಸ್ಟರ್ ಸಭೆಗೆ ನಮ್ಮ ಹೈಸ್ಕೂಲಿನವರನ್ನೂ ಕರೆಯಿರಿ, ಏಳನೇ ತರಗತಿಯ ಶಿಕ್ಷಕರ ಜೊತೆ ಅರ್ಧ ಗಂಟೆ ಕೊಡಿ ಅಂತ ಸಿಆರ್‌ಪಿಯವರನ್ನು ಕೇಳಿಕೊಂಡಿದ್ದೆ. ಒಪ್ಪಿದರು. ನಿನ್ನೆ ಅಜೆಂಡಾ ಬಂತು. ಮೊದಲ ವಿಷಯ ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಣೆಗೆ ಪ್ರಾಥಮಿಕ ಶಾಲೆಗಳ ಸಹಕಾರ. ಎರಡನೆಯದು ಅಪಾರ್ ಐಡಿ ಬಾಕಿ. ನಮ್ಮದು ಕೊನೆಗೆ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅನ್ನುವುದರಲ್ಲಿ ಬರುತ್ತದಂತೆ. ಊಟಕ್ಕೆ ಮುಂಚೆ ಬಂದರೆ ಒಳ್ಳೆಯದು. ಊಟ ಆದ ಮೇಲೆ ಯಾರೂ ಕೂರುವುದಿಲ್ಲ.